ಬೇಸಗೆಯಲ್ಲಿ ಮೂಲಿಕೆಗಳು ಎಲ್ಲಿರುತ್ತವೆ?

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಸಮೀಪದ ವಿಮಾನ ನಗರದಲ್ಲಿ, ಕಟ್ಟಡಗಳ ನಡುವೆ ಉಳಿದಿರುವ ತೆರಪು ನೆಲವನ್ನು ಮೇ ತಿಂಗಳಿನಲ್ಲಿ ಕಂಡವರಿಗೆ ಅಲ್ಲಿ ಜೀವವಿದೆಯೆಂದು ತೋರುವುದಿಲ್ಲ. ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ಅದೇ ನೆಲ ಹಸುರಾಗುತ್ತದೆ. ನಗರದ ಪಶ್ಚಿಮಕ್ಕಿರುವ ವೇತಾಳ ಟೇಕಡಿಯಂತಹ ಗುಡ್ಡಗಳ ಕುರುಚಲು ಕಾಡಿನಲ್ಲಿ ಈ ಮಾರ್ಪಾಡು ಇನ್ನೂ ಸ್ಫುಟವಾಗಿದೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿಯನ್ನು ಬಲ್ಲವರಿಗೂ ಈ ದೃಶ್ಯ ಅಪರಿಚಿತವೇನಲ್ಲ.

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿದುಹೋಗುತ್ತದೆ. ಮುಂದಿನ ಶುಷ್ಕ ಋತುವನ್ನು ಮೆದು ಕಾಂಡದ ಮೂಲಿಕಾಸಸ್ಯಗಳು ನೆಲದ ಮೇಲೆ ನಿಂತು ಎದುರಿಸಲಾರವು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ರೌಂಕಿಯರ್ 20ನೆಯ ಶತಮಾನದ ಆರಂಭದಲ್ಲಿ, ಪ್ರತಿಕೂಲ ಋತುವಿನಲ್ಲಿ ಮೊಗ್ಗುಗಳು ಎಲ್ಲಿ ಅಡಗಿರುತ್ತವೆ ಎಂಬುದನ್ನೇ ಆಧಾರವಾಗಿಟ್ಟುಕೊಂಡು ಸಸ್ಯಗಳನ್ನು ವರ್ಗೀಕರಿಸಿದನು.

ಏಕವಾರ್ಷಿಕಗಳ ಉಪಾಯ ಸರಳ: ತಾವು ಸತ್ತು ಬೀಜವನ್ನು ಉಳಿಸುತ್ತವೆ. ತಗಚೆಯ ಬೀಜದ ಸಿಪ್ಪೆ ಗಡಸಾಗಿರುವುದರಿಂದ ಎಲ್ಲ ಬೀಜಗಳೂ ಮೊದಲ ಮಳೆಗೇ ಮೊಳೆಯುವುದಿಲ್ಲ. ಮಳೆ ಬಂದು ನಿಂತುಹೋದರೂ ವಂಶ ಅಳಿಯುವುದಿಲ್ಲ.

ಬಹುವಾರ್ಷಿಕಗಳ ಕ್ರಮ ಬೇರೆ. ಪಂಚೆ, ಸೀರೆಯ ಅಂಚಿಗೆ ಚುಚ್ಚಿಕೊಳ್ಳುವ ಈಟಿಹುಲ್ಲು ಬುಡದ ಒಣ ಎಲೆಗಳ ಮರೆಯಲ್ಲಿ ಮೊಗ್ಗುಗಳನ್ನು ಕಾಪಾಡುತ್ತದೆ. ಪುನರ್ನವದ ದಪ್ಪ ಬೇರು ನೆಲದಾಳದಲ್ಲಿ ಉಳಿದು ಮಳೆಗಾಲಕ್ಕೆ ಹೊಸ ಕುಡಿಗಳನ್ನು ಹೊರಡಿಸುತ್ತದೆ. ಹೆಸರಿಟ್ಟ ಹಿರಿಯರು ಇದನ್ನು ಗಮನಿಸಿಯೇ ಇದ್ದಿರಬೇಕು. ಅಗ್ನಿಶಿಖೆ ಹೂ ಬಿಟ್ಟು ಕಾಯಿ ಕಟ್ಟುವ ಅವಧಿಯಲ್ಲಿ ಹಳೆಯ ಗೆಡ್ಡೆ ಬರಿದಾಗಿ, ಎಲೆಗಳು ತಯಾರಿಸಿದ ಪಿಷ್ಟ ಹೊಸ ಗೆಡ್ಡೆಯಲ್ಲಿ ಶೇಖರವಾಗುತ್ತದೆ. ಆಮೇಲೆಯೇ ಬಳ್ಳಿ ಒಣಗುವುದು. ಆ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ತೀಕ್ಷ್ಣ ವಿಷ ಅದನ್ನು ತಿನ್ನಬರುವ ಪ್ರಾಣಿಗಳಿಂದ ಕಾಯುತ್ತದೆ. ಕಾಡು ಈರುಳ್ಳಿಯಂತೂ ಕಡುಬೇಸಗೆಯಲ್ಲಿ, ಒಂದೂ ಎಲೆಯಿಲ್ಲದೆ, ಹಿಂದಿನ ಮಳೆಗಾಲದ ಸಂಗ್ರಹದಿಂದಲೇ ಹೂಗೊಂಚಲನ್ನು ಎತ್ತುತ್ತದೆ.

ಬಂಡೆಯ ಮೇಲಣ ತೆಳು ಮಣ್ಣಿನ ಓರೊಪೀಷಿಯಮ್ ಎಂಬ ಗಿಡ್ಡ ಹುಲ್ಲಿನ ರೀತಿ ವಿಲಕ್ಷಣವಾದುದು. ಅದರ ಎಲೆ ಒಣಗಿ ಗರಿಗರಿಯಾದರೂ ಸಾಯುವುದಿಲ್ಲ. ನೀರು ತಗುಲಿದರೆ ಅದೇ ಎಲೆ ಮತ್ತೆ ಹಸುರಾಗುತ್ತದೆ.

ಹೀಗೆ ಅನಾವೃಷ್ಟಿಯನ್ನು ಗೆಲ್ಲುವ ಸಸ್ಯಗಳು ಗುದ್ದಲಿಗೆ ಸೋಲುತ್ತವೆ. ಕಂದೀಲಿನಾಕಾರದ ಹೂ ಬಿಡುವ ಸೆರೊಪೀಜಿಯ ಜಾತಿಯ ಹಲವು ಗಿಡಗಳ ಗೆಡ್ಡೆ ತಿನ್ನಲು ಯೋಗ್ಯವಾಗಿದ್ದು, ಅಗೆತದಿಂದಲೂ ಅವು ವಿರಳವಾಗಿವೆ. ಬೇಸಗೆಯಲ್ಲಿ ಬೋಳಾಗಿ ಕಾಣುವ ನೆಲವನ್ನು ಬಂಜರೆಂದು ಭಾವಿಸಿ, ಸದುದ್ದೇಶದಿಂದಲೇ ಕಂದಕ ತೋಡಿ ಮರ ನೆಡುವುದುಂಟು. ಗೆಡ್ಡೆ, ಬುಡಗಳು ಒಮ್ಮೆ ಕಿತ್ತುಹೋದರೆ ಮಳೆಯೊಂದೇ ಅವನ್ನು ಮರಳಿ ತಾರದು. ವಿವಿಧ ದೇಶಗಳ ಹುಲ್ಲುಗಾವಲುಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೆಡಿಸಿದ ನೆಲಕ್ಕೆ ಹಿಂದಿನ ಸಸ್ಯವೈವಿಧ್ಯ ಮರಳಲು ಕನಿಷ್ಠ ನೂರು ವರ್ಷಗಳು ಬೇಕು.

ಆದುದರಿಂದ ಗಿಡ ನೆಡುವ ಉತ್ಸಾಹವುಳ್ಳವರು ಗುಂಡಿಯ ಸ್ಥಳವನ್ನು ಹಿಂದಿನ ವರ್ಷದ ಆಗಸ್ಟಿನಲ್ಲಿಯೇ, ಮೂಲಿಕೆಗಳು ಕಣ್ಣಿಗೆ ಕಾಣುವ ಕಾಲದಲ್ಲಿ, ನೋಡಿ ಗುರುತಿಸುವುದು ಯುಕ್ತ.