ಒಂದು ರಾತ್ರಿಯ ಮಾತ್ರೆ

ಇಲ್ಲಿ ಅಮೆರಿಕದಲ್ಲಿ ಪರೀಕ್ಷೆ ಹತ್ತಿರ ಬಂತು ಅಂದ್ರೆ ಕಾಲೇಜು ಹುಡುಗರ ಬಾಯಲ್ಲಿ ಅಡೆರಾಲ್ ಹೆಸರು ಕೇಳಿಬರುತ್ತೆ. ಎಡಿಎಚ್‌ಡಿ ಇರೋರಿಗೆ ಡಾಕ್ಟರು ಬರೆದುಕೊಡುವ ಮಾತ್ರೆ ಅದು. ಗೆಳೆಯನ ಡಬ್ಬಿಯಿಂದ ಒಂದು ಇಸಕೊಂಡು ರಾತ್ರಿಯಿಡೀ ಓದೋರೂ ಇದ್ದಾರೆ. "ಬೆಳಿಗ್ಗೆ ಹೊತ್ತಿಗೆ ಇಳಿದುಹೋಗುತ್ತೆ ಬಿಡಿ ಅಂಕಲ್" ಅನ್ನೋ ಮಾತು ನಮ್ಮ ಕನ್ನಡದ ಮನೆಗಳಲ್ಲೂ ಕೇಳಿದ್ದೇನೆ. ನಿಜವಾಗಿ ಇಳಿದುಹೋಗುತ್ತಾ?

ಅಡೆರಾಲ್‌ನಲ್ಲಿರೋದು ಆಂಫೆಟಮಿನ್, 1887ರಲ್ಲೇ ತಯಾರಾದ ವಸ್ತು. ನರಕೋಶ ಹೊರಗೆ ಬಿಟ್ಟ ಡೋಪಮಿನ್ ಅನ್ನು ವಾಪಸ್ ಎಳಕೊಳ್ಳೋಕೆ ಅದರ ಪೊರೆಯಲ್ಲಿ ಪಂಪಿನಂಥ ಒಂದು ಪ್ರೋಟೀನ್ ಇದೆ. ಆಂಫೆಟಮಿನ್ ಆ ಪಂಪಿನ ಮೂಲಕವೇ ಒಳಗೆ ನುಗ್ಗಿ, ಪುಟ್ಟ ಚೀಲಗಳಲ್ಲಿ ತುಂಬಿಟ್ಟ ಡೋಪಮಿನ್ ಸೋರುವ ಹಾಗೆ ಮಾಡಿ, ಪಂಪನ್ನೇ ಉಲ್ಟಾ ತಿರುಗಿಸುತ್ತೆ! ರಿಟಾಲಿನ್ ಹಾಗಲ್ಲ, ಅದು ಪಂಪಿಗೆ ಅಡ್ಡ ನಿಲ್ಲುತ್ತೆ ಅಷ್ಟೆ.

ಕಿಣ್ವಗಳ ಕಥೆ ಬೇರೆ. ಅವು ಹೊರಗಿಂದ ಬಂದವಲ್ಲ, ಕೋಶದೊಳಗೇ ಇರೋ ಕೆಲಸಗಾರರು. ಹೊರಬಿದ್ದ ಡೋಪಮಿನ್ ಪಕ್ಕದ ಕೋಶದ ಡಿ1 ಗ್ರಾಹಕಕ್ಕೆ ಅಂಟಿದರೆ ಅಡೆನೈಲಿಲ್ ಸೈಕ್ಲೇಸ್ ಅನ್ನೋ ಕಿಣ್ವ ಚುರುಕಾಗಿ ಸೈಕ್ಲಿಕ್ ಎಎಂಪಿ ತಯಾರಿಸುತ್ತೆ. ಅದು ಪ್ರೋಟೀನ್ ಕೈನೇಸ್ ಎ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತೆ. ಎದ್ದ ಈ ಕಿಣ್ವ ಸುಮ್ಮನಿರುತ್ತಾ? ಸಿಕ್ಕ ಪ್ರೋಟೀನುಗಳಿಗೆ ಫಾಸ್ಫೇಟಿನ ಮುದ್ರೆ ಒತ್ತುತ್ತಾ ಹೋಗುತ್ತೆ. ಸುದ್ದಿ ಜೀನುಗಳವರೆಗೂ ಮುಟ್ಟುತ್ತೆ. ಡೋಪಮಿನ್‌ನ ಈ ಒಳದಾರಿಯನ್ನು ತೋರಿಸಿಕೊಟ್ಟ ಪಾಲ್ ಗ್ರೀನ್‌ಗಾರ್ಡ್‌ಗೆ, ಇನ್ನಿಬ್ಬರ ಜೊತೆ, 2000ದಲ್ಲಿ ನೊಬೆಲ್ ಬಂತು.

ಅಂದ್ರೆ ಮಾತ್ರೆ ಡೋಪಮಿನ್ ಹೊರಗೆ ಬರಿಸುತ್ತೆ, ಆ ಸಂದೇಶವನ್ನ ಒಳಗೆ ಮುಟ್ಟಿಸೋದು ಕಿಣ್ವ. ಇನ್ನೊಂದು ನಂಟೂ ಇದೆ ನೋಡಿ. ಪಂಪು ಉಲ್ಟಾ ತಿರುಗೋಕೇ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಕೈಜೋಡಿಸುತ್ತೆ. ಅದನ್ನು ತಡೆದರೆ ಡೋಪಮಿನ್ ಸೋರೋದು ಕಮ್ಮಿಯಾಗುತ್ತೆ ಅಂತ ಇಲಿಗಳ ಮಿದುಳಿನ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಈಗ ಆ 'ಇಳಿದುಹೋಗುತ್ತೆ' ವಿಷಯ. ದೊಡ್ಡವರ ರಕ್ತದಲ್ಲಿ ಆಂಫೆಟಮಿನ್ ಅರ್ಧಕ್ಕೆ ಇಳಿಯೋಕೇ ಸುಮಾರು 10 ಗಂಟೆ ಬೇಕು. ಮೇಲಾಗಿ ಪದೇ ಪದೇ ತಗೊಂಡರೆ, ಮಾತ್ರೆ ಹೋದರೂ ಅದು ಶುರುಮಾಡಿದ ಕೆಲಸ ನಿಲ್ಲೋದಿಲ್ಲ. ಇಲಿಗಳಲ್ಲಿ ಹೀಗೆ ಕೂಡಿಕೊಳ್ಳುವ ಡೆಲ್ಟಾ ಫಾಸ್‌ಬಿ ಎಂಬ ಪ್ರೋಟೀನ್ ವಾರಗಟ್ಟಲೆ ಉಳಿಯುತ್ತೆ.

ಹಾಗಂತ ಬೇಕಾದವರು ಮಾತ್ರೆಗೆ ಹೆದರಬೇಕಾಗಿಲ್ಲ. ಅವರ ಡೋಸು, ರಕ್ತದೊತ್ತಡ, ಎದೆಬಡಿತ, ನಿದ್ದೆ ಎಲ್ಲವನ್ನೂ ವಿಚಾರಿಸೋಕೆ ಡಾಕ್ಟರು ಇದ್ದಾರೆ. ಇಸಕೊಂಡ ಮಾತ್ರೆಗೆ ಮಾತ್ರ ಕೇಳೋರು ಯಾರೂ ಇಲ್ಲ.