ಬೈಲಕುಪ್ಪೆ: ಏಳು ಬಟ್ಟಲು ನೀರಿನ ಭರವಸೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಹಾಗೂ ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟಿಯನ್ ಮನೆಗಳಲ್ಲಿ ನಿತ್ಯಪೂಜೆ ನೀರಿನಿಂದ ಆರಂಭವಾಗುತ್ತದೆ. ಬೆಳಿಗ್ಗೆ ಬುದ್ಧನ ಮುಂದೆ ಏಳು ಬಟ್ಟಲುಗಳನ್ನು ತುಂಬಿಸಿ ದೀಪ ಹಚ್ಚಲಾಗುತ್ತದೆ. ಹಿರಿಯರು 108 ಮಣಿಗಳ ಜಪಮಾಲೆ ಹಿಡಿದು ಪ್ರದಕ್ಷಿಣೆಗೆ ಹೊರಡುತ್ತಾರೆ. ಸಂಜೆ ನೀರನ್ನು ಚೆಲ್ಲಿ ಬಟ್ಟಲುಗಳನ್ನು ಕವುಚಿ ಇಡುತ್ತಾರೆ.

ನೀರೇ ಏಕೆ? ಬಡವನಿಗೂ ದೊರೆಯುವ, ಕೊಡುವಾಗ ಲೋಭ ಹುಟ್ಟಿಸದ ವಸ್ತು ಅದು ಎಂಬುದು ಸಂಪ್ರದಾಯದ ವಿವರಣೆ. 1959ರ ನಂತರ ತಾಯ್ನಾಡು ತೊರೆದು, ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದ ನಿರಾಶ್ರಿತರಿಗೆ ಬರಿಗೈಯಲ್ಲೂ ಈ ಪೂಜೆ ಸಾಧ್ಯವಾಯಿತು. 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠವೂ ಬಿದಿರಿನ ಗುಡಿಯಿಂದಲೇ ಆರಂಭಗೊಂಡಿತು. ಅಲ್ಲಿನ ಸ್ವರ್ಣ ದೇವಾಲಯ ಉದ್ಘಾಟನೆಯಾದದ್ದು 1999ರಲ್ಲಿ.

ಎಲ್ಲವೂ ಅನಿತ್ಯವೆಂಬ ಬುದ್ಧಬೋಧೆ ನಿರಾಶೆಯ ಮಾತಲ್ಲ. ಕಷ್ಟವೂ ಸ್ಥಿರವಲ್ಲ ಎಂಬ ಧೈರ್ಯ ಅದರಲ್ಲಿದೆ. ಸಂಜೆ ಬರಿದಾದ ಬಟ್ಟಲು ಬೆಳಿಗ್ಗೆ ಮತ್ತೆ ತುಂಬುತ್ತದೆ.