ಕಾಡತೂಸಿನ ಉದ್ದ ಮತ್ತು ಬಂದೂಕಿನ ಗಜ

ಮುಂಡರಗಿಯ ಭೀಮರಾಯನ ಬಂಡಾಯವನ್ನು ಪಾಠ ಹೇಳುವವರಿಗೆ ಮದ್ದು, ಗುಂಡು, ಕಾಡತೂಸು, ಗಜ ಎಂಬ ಮಾತುಗಳನ್ನು ಬಿಡಿಸಿ ಹೇಳುವ ಪ್ರಸಂಗ ಒದಗುವದುಂಟು. ಕಾಡತೂಸೆಂದೊಡನೆ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವದು ಹೊಳೆಯುವ ಹಿತ್ತಾಳೆಯ ಕೊಳವೆ. 1858ರ ಮೇ ತಿಂಗಳಲ್ಲಿ ಭೀಮರಾಯನು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆಯನ್ನು ಸೇರಿ, ಜೂನ್ 1ರಂದು ಅಲ್ಲಿಯೇ ಮಡಿದ ಕಾಲಕ್ಕೆ ಸಿಪಾಯಿಯ ಚೀಲದಲ್ಲಿದ್ದುದು ಅದಲ್ಲ, ಕಾಗದದ ಸುರುಳಿ. ಶಬ್ದವೇ ಇದಕ್ಕೆ ಸಾಕ್ಷಿ. ಪೋರ್ತುಗೀಜರ 'ಕಾರ್ತೂಶು' ಮರಾಠಿಯ ಹಾದಿಯಾಗಿ ನಮ್ಮಲ್ಲಿ ಕಾಡತೂಸಾಯಿತು. ಅದರ ಬೇರು ಲ್ಯಾಟಿನಿನ 'ಕಾರ್ತಾ', ಅಂದರೆ ಕಾಗದ.

ಈ ಸುರುಳಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಕೆಯ ಬಾಯಲ್ಲಿ ಸುರಿದು, ಗುಂಡನ್ನು ಗಜದಿಂದ ತಳಕ್ಕೆ ನೂಕುತ್ತಿದ್ದರು. ಸುರುಳಿಯ ಉದ್ದವು ಹೆಚ್ಚಾದರೇನು, ಕಡಿಮೆಯಾದರೇನು! ನೋಡಬೇಕಾದುದು ಗುಂಡಿನ ದಪ್ಪವನ್ನು ಮಾತ್ರ. 1853ರ ಎನ್‌ಫೀಲ್ಡ್ ಬಂದೂಕಿನ ನಳಿಕೆಯ ಒಳವ್ಯಾಸ 0.577 ಅಂಗುಲ, ಗುಂಡು ಅದಕ್ಕಿಂತ ತುಸು ಸಣ್ಣದು. ಇನ್ನು ಗಜ. ಇದು ಆನೆಯಲ್ಲ, ಪಾರಸಿಯ 'ಗಜ಼್'. ಆ ಭಾಷೆಯಲ್ಲಿ ಬಟ್ಟೆ ಅಳೆಯುವ ಕೋಲಿಗೂ ಬಂದೂಕಿನ ಸಲಾಕೆಗೂ ಅದೊಂದೇ ಹೆಸರು. ಹೆಸರು ಸಾರ್ಥಕವೂ ಅಹುದು: ಗಜವನ್ನು ಇಳಿಬಿಟ್ಟಾಗ ಅದು ಬಾಯಿಂದ ಎಷ್ಟು ಹೊರಗುಳಿಯಿತೆಂಬುದರಿಂದಲೇ ಬಂದೂಕು ತುಂಬಿದೆಯೋ ಬರಿದೋ ತಿಳಿಯುತ್ತಿತ್ತು.

ಹಿಂದಿನಿಂದ ತುಂಬುವ ಬಂದೂಕು ಬಂದ ಮೇಲೆ ಉದ್ದದ ಪ್ರಶ್ನೆ ಹುಟ್ಟಿತು. ಈಗ ಮದ್ದು, ಗುಂಡು, ಕಿಡಿ ಮೂರೂ ಒಂದೇ ಹಿತ್ತಾಳೆಯ ಕೋಶದಲ್ಲಿವೆ; ಕೋಶವು ನಳಿಕೆಯ ಹಿಂಬದಿಯ ಗೂಡಿನಲ್ಲಿ ಬಿಗಿಯಾಗಿ ಕೂಡಬೇಕು. ಗುಂಡು ಅತಿಯಾಗಿ ಮುಂಚಾಚಿ ನಳಿಕೆಯ ಸುರುಳಿಗೆರೆಗಳಿಗೆ ಒತ್ತಿಕೊಂಡಿದ್ದರೆ ಒಳಗಿನ ಒತ್ತಡವು ಏರುವದು. ಹಾಗೆಂದು ಅದನ್ನು ಕೋಶದೊಳಕ್ಕೆ ಆಳವಾಗಿ ಒತ್ತಿದರೆ ಮದ್ದಿನ ಜಾಗ ಕುಗ್ಗಿ ಒತ್ತಡವು ಮತ್ತೆ ಏರುವದು. ಎರಡೂ ಕಡೆಗೆ ಅಪಾಯವೇ. ಬಂದೂಕು ಸಿಡಿದರೆ ಹೋಗುವದು ಹೊಡೆಯುವವನ ಕೈ, ಕಣ್ಣು. ಆದುದರಿಂದ ಕೈಯಿಂದ ಕಾಡತೂಸು ತುಂಬುವವರಿಗೆ ಕೂದಲೆಳೆಯ ಅಂತರವೂ ದೊಡ್ಡದು. (ನಮ್ಮ ದೇಶದಲ್ಲಿ 1959ರ ಆಯುಧ ಕಾಯದೆಯ ಮೇರೆಗೆ ಪರವಾನಗಿಯಿಲ್ಲದೆ ಇದನ್ನು ಮಾಡುವದು ಅಪರಾಧ.)

ಅಳೆಯುವದು ಹೇಗೆ? ಬುಡದಿಂದ ತುದಿಯವರೆಗೆ ವರ್ನಿಯರ್ ಹಿಡಿದರಾಯಿತೆಂದು ತೋರುವದು. ಬುಡವೇನೋ ಸಮತಲವಾದುದು, ನೆಚ್ಚಬಹುದು. ತುದಿಯನ್ನು ನೆಚ್ಚಲಾಗದು, ಸೀಸದ ಮೂತಿ ಜಜ್ಜಿಹೋಗಿರುವದು, ಒಂದೇ ಪೆಟ್ಟಿಗೆಯ ಗುಂಡುಗಳಲ್ಲಿಯೂ ಅದು ಒಂದೇ ಸಮನಾಗಿರದು. ಅದೂ ಅಲ್ಲದೆ ಸುರುಳಿಗೆರೆಯನ್ನು ಮುಟ್ಟುವದು ತುದಿಯಲ್ಲ. ಗುಂಡಿನ ಮೈ ಮೂತಿಯ ಕಡೆಗೆ ಬಾಗಿದ ಎಡೆಯಲ್ಲಿರುವ ಒಂದು ವರ್ತುಲ. 0.303 ಅಂಗುಲದ ಕಾಡತೂಸಿಗೆ ಗ್ರಂಥಗಳು ಕೊಡುವ 78.11 ಮಿಲಿಮೀಟರು ತುದಿಯವರೆಗಿನ ಪರಮಾವಧಿ. ಆ ವರ್ತುಲವು ಎಲ್ಲಿದೆಯೆಂಬುದನ್ನು ಅದು ಹೇಳದು.

ಇಲ್ಲಿ ಹಳೆಯ ಗಜವೇ ಮತ್ತೆ ನೆರವಿಗೆ ಬರುವದು. ಬರಿದಾದ ಬಂದೂಕಿನ ಬೋಲ್ಟನ್ನು ಮುಚ್ಚಿ, ಸೂಜಿ ಹೊರಚಾಚದಂತೆ ಕುದುರೆಯನ್ನು ಎಳೆದಿಟ್ಟು, ಚಪ್ಪಟೆ ತುದಿಯ ಸಲಾಕೆಯನ್ನು ಬಾಯಿಂದ ಬೋಲ್ಟಿಗೆ ತಾಕುವವರೆಗೆ ಇಳಿಸಿ, ನಳಿಕೆಯ ಅಂಚಿನಲ್ಲಿ ಗುರುತು ಮಾಡುವರು. ಬಳಿಕ ಬೋಲ್ಟನ್ನು ತೆಗೆದು, ಬಿಡಿ ಗುಂಡೊಂದನ್ನು ಹಿಂದಿನಿಂದ ಸುರುಳಿಗೆರೆಗೆ ಮೆಲ್ಲನೆ ಆನಿಸಿ ಹಿಡಿದು, ಸಲಾಕೆಯನ್ನು ಅದರ ತುದಿಗೆ ತಾಕಿಸಿ ಎರಡನೆಯ ಗುರುತು. ಗುರುತುಗಳ ನಡುವಣ ಅಂತರವೇ ಆ ಗುಂಡು ಗೆರೆಯನ್ನು ಮುಟ್ಟುವ ಉದ್ದ. ಇದೂ ತುದಿಯ ಲೆಕ್ಕವೇ, ಆ ಒಂದು ಗುಂಡಿಗೆ ಮಾತ್ರ ಸಲ್ಲುವದು. ಅದೇ ಗುಂಡನ್ನು ಅಷ್ಟೇ ಉದ್ದಕ್ಕೆ ಮದ್ದಿಲ್ಲದ ಕೋಶದಲ್ಲಿ ಕೂಡಿಸಿ, ನಳಿಕೆಯ ವ್ಯಾಸಕ್ಕೆ ಸಮೀಪವಾದ ತೂತುಳ್ಳ ಉಕ್ಕಿನ ಬಿಲ್ಲೆಯನ್ನು ಅದರ ಮೂತಿಗೆ ತೊಡಿಸಿ, ಬುಡದಿಂದ ಬಿಲ್ಲೆಯವರೆಗೆ ಅಳೆದರೆ ಉಳಿದ ಗುಂಡುಗಳಿಗೂ ಸಲ್ಲುವ ಸಂಖ್ಯೆ ದೊರೆಯುವದು.

ಈ ಸಂಖ್ಯೆಯೊಡನೆ ಬಿಲ್ಲೆ ಯಾವುದೆಂಬುದನ್ನೂ ಬರೆದಿಡಬೇಕು. ತೂತು ತುಸು ಬೇರೆಯಾದರೆ ಸಂಖ್ಯೆಯೂ ಬೇರೆ. ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಮತ್ತರುಗಳ ಎಣಿಕೆಯೊಡನೆ ಇಂಥ ಗಳೆಯಲ್ಲಿ ಅಳೆದುದೆಂದು ನಮ್ಮ ಪೂರ್ವಿಕರು ಕೆತ್ತಿಸುತ್ತಿದ್ದರು. ಬಳ್ಳಿಗಾವೆಯ ಭೇರುಂಡ ಗಳೆಯು ಪ್ರಸಿದ್ಧವೇ ಇದೆ. ಒಂದು ಬಂದೂಕಿನ ಸಂಖ್ಯೆ ಮತ್ತೊಂದಕ್ಕೆ ಒಗ್ಗದು. ಹೊಡೆತದ ಕಾವಿಗೆ ಸುರುಳಿಗೆರೆಯ ಮೊದಲಂಚು ಸವೆದು ಮುಂದೆ ಸರಿಯುವದರಿಂದ, ಅದೇ ಬಂದೂಕಿಗೂ ಕೆಲಕಾಲದ ಮೇಲೆ ಗಜವನ್ನು ಮತ್ತೆ ಇಳಿಸಬೇಕಾಗುವದು.